ನಲ್ ಬಂದಲ್ಲೇ ಲೆಕ್ಕ ನಿಲ್ಲಲಿ

ನಮಸ್ಕಾರ. ಗೋಣಿಕೊಪ್ಪ, ಕುಶಾಲನಗರದ ಕಡೆ ಕಾಫಿ ಖರೀದಿ ಲೆಕ್ಕಕ್ಕೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇಟ್ಟುಕೊಂಡು, ಅದರ ಪಿಎಲ್‌ಪಿಜಿಎಸ್‌ಕ್ಯೂಎಲ್ ಭಾಷೆಯಲ್ಲಿ ಫಂಕ್ಷನ್ ಬರೆಯುವವರಿಗೆ ಈ ಮಾತು: ಅಸರ್ಟ್ ಬಳಸಿ. "ಇದು ನಿಜವಾಗಿರಲೇಬೇಕು" ಎಂಬ ಷರತ್ತು ಕೊಟ್ಟು, ಇಲ್ಲದಿದ್ದರೆ ಎರರ್ ಕೊಟ್ಟು ನಿಲ್ಲಿಸುವ ಸಾಲು ಅದು. 9.5ನೇ ಆವೃತ್ತಿಯಿಂದಲೇ ಅದು ಭಾಷೆಯೊಳಗಿದೆ.

ರೋಬಸ್ಟಾ ಚೆರ್ರಿಯನ್ನೇ ನೋಡಿ. 50 ಕೆಜಿ ಮೂಟೆ ಚೆರ್ರಿಯಿಂದ ಸಿಗುವ ಕಾಫಿ ಬೀಜದ ಕೆಜಿಗೆ ಔಟ್‌ಟರ್ನ್ ಅನ್ನುತ್ತಾರೆ. ಔಟ್‌ಟರ್ನ್ ಗುಣಿಸು ದರ, ಅದು ಆ ಮೂಟೆಯ ಬೆಲೆ. ಸ್ಯಾಂಪಲ್ ನೋಡುವವರೆಗೆ ಔಟ್‌ಟರ್ನ್ ಗೊತ್ತಿರುವುದಿಲ್ಲ, ಹಾಗಾಗಿ ಆ ಕಾಲಂನಲ್ಲಿ ನಲ್‌ಗೆ, ಅಂದರೆ ಇನ್ನೂ ಏನೂ ತುಂಬದ ಖಾಲಿ ಜಾಗಕ್ಕೆ, ಅವಕಾಶ ಕೊಡಲೇಬೇಕು. ಈಗ ಬಿಲ್ ಮಾಡುವ ಫಂಕ್ಷನ್‌ಗೆ ಅಂಥದ್ದೇ ಒಂದು ಲಾಟ್ (ಒಟ್ಟಿಗೆ ಲೆಕ್ಕ ಹಾಕುವ ಮೂಟೆಗಳ ಗುಂಪು) ಬಂತು ಅನ್ನಿ. "ಔಟ್‌ಟರ್ನ್ ಸೊನ್ನೆ ಅಥವಾ ಕಡಿಮೆ ಇದ್ದರೆ ಎರರ್" ಎಂಬ ಇಫ್ ಅದನ್ನು ಹಿಡಿಯುವುದಿಲ್ಲ; ನಲ್ ಜೊತೆ ಹೋಲಿಸಿದರೆ ಸಿಗುವ ಉತ್ತರವೂ ನಲ್, ಇಫ್ ಅದನ್ನು ನಿಜ ಎಂದು ಎಣಿಸುವುದಿಲ್ಲ. ಟೇಬಲ್ಲಿಗೇ ಷರತ್ತು ಹಾಕುವ ಚೆಕ್ ಕನ್‌ಸ್ಟ್ರೈಂಟ್ ಕೂಡ ನಲ್ ಅನ್ನು ಒಳಗೆ ಬಿಡುತ್ತದೆ. ಲಾಟಿನ ಬೆಲೆ ನಲ್ ಆಗುತ್ತದೆ, ಸಮ್ ಅದನ್ನು ಬಿಟ್ಟು ಮಿಕ್ಕಿದ್ದನ್ನು ಕೂಡುತ್ತದೆ, ಬೆಳೆಗಾರರ ಬಿಲ್ಲಿನಲ್ಲಿ ಒಂದು ಲಾಟಿನ ದುಡ್ಡೇ ಇರುವುದಿಲ್ಲ. ಎರರ್ ಎಲ್ಲೂ ಕಾಣುವುದಿಲ್ಲ! ಅಸರ್ಟ್ ಹಾಗಲ್ಲ, ಷರತ್ತು ಫಾಲ್ಸ್ ಆದರೂ ನಲ್ ಆದರೂ ನಿಲ್ಲಿಸುತ್ತದೆ. ವೆನ್ ಅದರ್ಸ್ ಎಂದು ಬರೆದು ಎಲ್ಲ ತಪ್ಪನ್ನೂ ನುಂಗುವವರಿದ್ದಾರಲ್ಲ, ಅವರ ಬಲೆಗೂ ಅದು ಬೀಳುವುದಿಲ್ಲ.

ಹಾಗಂತ ಕಂಡಕಂಡಲ್ಲಿ ಹಾಕಬೇಡಿ. ಔಟ್‌ಟರ್ನ್ 26ರ ಬದಲು 62 ಟೈಪ್ ಮಾಡಿದ್ದು ಬಳಕೆದಾರರ ತಪ್ಪು, ಅದಕ್ಕೆ ಮಾಮೂಲಿ ಎರರ್ ಕೊಡುವ ರೈಸ್ ಎಕ್ಸೆಪ್ಷನ್ ಇದೆ. ಲಾಟುಗಳ ಮೂಟೆ ಕೂಡಿದರೆ ರಸೀದಿಯ ಮೂಟೆಗೆ ಸಮ ಬರದಿದ್ದರೆ ನಿಮ್ಮ ಕೋಡೇ ತಪ್ಪು. ಅಸರ್ಟ್‌ನ ಜಾಗ ಅದು. ಲೂಪಿನೊಳಗೆ ಪ್ರತಿ ಸಲ ಕೂಡಿಸದೆ, ಲೂಪ್ ಮುಗಿದ ಮೇಲೆ ಒಂದೇ ಸಲ ನೋಡಿ.

ಮೆಸೇಜು ಬರೆಯಲು ಸೋಮಾರಿತನ ಬೇಡ. ಅಸರ್ಟ್ ಸೋತಾಗ ಮಾತ್ರ ಅದರ ಲೆಕ್ಕ ನಡೆಯುವುದರಿಂದ ವೇಗಕ್ಕೆ ತೊಂದರೆಯಿಲ್ಲ. ಲಾಟ್ ನಂಬರ್, ಔಟ್‌ಟರ್ನ್, ದರ ಮೂರನ್ನೂ ಹಾಕಿ. ಆದರೆ ಎರಡು ಪೈಪ್ ಗುರುತಿನಿಂದ (||) ಜೋಡಿಸಿದರೆ ಒಂದು ನಲ್ ಸಾಕು, ಇಡೀ ಮೆಸೇಜೇ ನಲ್ ಆಗಿ, ಬರೀ "ಅಸರ್ಷನ್ ಫೇಲ್ಡ್" ಅಂತ ಉಳಿಯುತ್ತದೆ. ಫಾರ್ಮ್ಯಾಟ್ ಫಂಕ್ಷನ್ ಬಳಸಿ, ಶೇಕಡಾ ಗುರುತಾದ ಮೇಲೆ ದೊಡ್ಡಕ್ಷರದ ಎಲ್ ಹಾಕಿ (%L). ನಲ್ ಇದ್ದರೆ ನಲ್ ಎಂದೇ ತೋರಿಸುತ್ತದೆ.

ಷರತ್ತಿನೊಳಗೆ ಡೇಟಾ ಬದಲಿಸುವ ಫಂಕ್ಷನ್ ಮಾತ್ರ ಇಡಲೇಬೇಡಿ. ಚೆಕ್ ಅಸರ್ಟ್ಸ್ ಸೆಟ್ಟಿಂಗನ್ನು ಯಾರಾದರೂ ಆಫ್ ಮಾಡಿದರೆ ಆ ಷರತ್ತು ಓಡುವುದೇ ಇಲ್ಲ. ದುಡ್ಡಿನ ಲೆಕ್ಕವಿರುವ ಸರ್ವರ್‌ನಲ್ಲಿ ಅದು ಆನ್ ಇರಬೇಕು ಎಂಬುದೇ ನನ್ನ ವಾದ. ಬರೆದಾದ ಮೇಲೆ ಬಿಗಿನ್ ಹಾಕಿ, ಔಟ್‌ಟರ್ನ್ ಇಲ್ಲದ ಒಂದು ಲಾಟ್ ಬೇಕೆಂದೇ ಸೇರಿಸಿ, ಫಂಕ್ಷನ್ ಓಡಿಸಿ. ಅಸರ್ಟ್ ಸೋತಿತು ಎಂದು ಹೇಳುವ ಪಿ0004 ಎಂಬ ಎರರ್ ಕೋಡ್ ಬರಬೇಕು. ಬಂದರೆ ರೋಲ್‌ಬ್ಯಾಕ್ ಮಾಡಿ, ಬಿಗಿನ್ ಆದ ಮೇಲೆ ಸೇರಿಸಿದ್ದೆಲ್ಲ ರದ್ದಾಗುತ್ತದೆ.