ಗೆದ್ದರೂ ಮೇಲೇರದ ತಂಡ

ಎಲ್ಲರಿಗೂ ನಮಸ್ಕಾರ.

ಒಂದು ಹಳೆಯ ಅಂಕಪಟ್ಟಿಯಿಂದ ಶುರು ಮಾಡುತ್ತೇನೆ. ಸ್ಪೇನ್, 1983-84, ಎರಡನೇ ದರ್ಜೆಯ ಫುಟ್‌ಬಾಲ್ ಲೀಗ್. ಮೊದಲ ಸ್ಥಾನದಲ್ಲಿ ಕ್ಯಾಸ್ಟಿಯಾ, ಎರಡನೇ ಸ್ಥಾನದಲ್ಲಿ ಬಿಲ್ಬಾವೊ ಅಥ್ಲೆಟಿಕ್. ಮೊದಲನೆಯದು ರಿಯಲ್ ಮ್ಯಾಡ್ರಿಡ್‌ನ ಮೀಸಲು ತಂಡ, ಎರಡನೆಯದು ಅಥ್ಲೆಟಿಕ್ ಬಿಲ್ಬಾವೊದ ಮೀಸಲು ತಂಡ. ಎರಡಕ್ಕೂ ಬಡ್ತಿ, ಅಂದರೆ ಮೇಲಿನ ದರ್ಜೆಗೆ ಏರುವ ಅವಕಾಶ, ಸಿಗಲಿಲ್ಲ. ಮೇಲಿನ ದರ್ಜೆಯಲ್ಲಿ ಅವರ ಅಣ್ಣಂದಿರು ಆಗಲೇ ಕೂತಿದ್ದರಲ್ಲ! ಒಂದೇ ಕ್ಲಬ್ಬಿನ ಎರಡು ತಂಡ ಒಂದೇ ದರ್ಜೆಯಲ್ಲಿ ಆಡುವಂತಿಲ್ಲ. ಹಾಗಾಗಿ ಮೂರು, ನಾಲ್ಕು, ಐದನೇ ಸ್ಥಾನದವರು ಮೇಲೆ ಹೋದರು.

ಆ ಕ್ಯಾಸ್ಟಿಯಾ ತಂಡದಲ್ಲಿ ಇದ್ದವರೇನು ಸಾಮಾನ್ಯ ಹುಡುಗರಲ್ಲ. ಬುತ್ರಗೆನ್ಯೊ, ಮೀಚೆಲ್, ಸಾಂಚಿಸ್. ಮುಂದೆ ಮ್ಯಾಡ್ರಿಡ್‌ನ ಒಂದು ಕಾಲವನ್ನೇ ಆಳಿದವರು. ಹುಡುಗರಿಗೆ ಒಳ್ಳೆಯದಾಯಿತು, ಕ್ಲಬ್ಬಿಗೂ ಒಳ್ಳೆಯದಾಯಿತು. ಆದರೆ ಅಂಕಪಟ್ಟಿ? ಗೆದ್ದವನಿಗೆ ಬಹುಮಾನ ಇಲ್ಲದ ಅಂಕಪಟ್ಟಿ ಅದು. ದೊಡ್ಡ ಕ್ಲಬ್ಬುಗಳ ಮೀಸಲು ತಂಡಗಳನ್ನು ಕೆಳಗಿನ ಲೀಗ್‌ಗೆ ಸೇರಿಸಬೇಕಾ ಬೇಡವಾ ಎಂಬ ಜಗಳದಲ್ಲಿ ನನ್ನನ್ನು ಕಾಡುವುದು ಇದೇ.

ಸೇರಿಸಬೇಕು ಅನ್ನುವವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹದಿನೆಂಟರ ಹುಡುಗ ತನ್ನ ವಯಸ್ಸಿನವರ ಜೊತೆ ಖಾಲಿ ಮೈದಾನದಲ್ಲಿ ಆಡುತ್ತಿದ್ದರೆ ಎಷ್ಟು ಕಲಿತಾನು? ಮೂವತ್ತೈದರ ಡಿಫೆಂಡರ್ ಒಬ್ಬ ಮೊಣಕೈ ಕೊಟ್ಟು ಪಕ್ಕಕ್ಕೆ ತಳ್ಳಬೇಕು. ಆಗ ಗೊತ್ತಾಗುತ್ತದೆ. 2007-08ರಲ್ಲಿ ಬಾರ್ಸಿಲೋನಾದ ಬಿ ತಂಡ, ಅಂದರೆ ಮೀಸಲು ತಂಡ, ನಾಲ್ಕನೇ ದರ್ಜೆಯಲ್ಲಿ ಆಡುತ್ತಿತ್ತು. ಕೋಚ್ ಯಾರು ಗೊತ್ತಾ? ಪೆಪ್ ಗಾರ್ಡಿಯೋಲಾ. ತಂಡದಲ್ಲಿ ಬುಸ್ಕೆಟ್ಸ್ ಮತ್ತು ಪೆಡ್ರೊ ಇದ್ದರು. ಎರಡೇ ವರ್ಷದಲ್ಲಿ, 2010ರ ವಿಶ್ವಕಪ್ ಫೈನಲ್‌ನಲ್ಲಿ, ಇಬ್ಬರೂ ಸ್ಪೇನ್ ಪರ ಮೊದಲ ಹನ್ನೊಂದರಲ್ಲಿದ್ದರು. ಇಂಥ ಉದಾಹರಣೆ ಎದುರಿಗಿರುವಾಗ ಬೇರೆ ದೇಶದವರಿಗೆ ಆಸೆ ಹುಟ್ಟದೆ ಇರುತ್ತದಾ? ನೆದರ್ಲೆಂಡ್ಸ್ 2013ರಲ್ಲಿ ಮೀಸಲು ತಂಡಗಳನ್ನು ಎರಡನೇ ದರ್ಜೆಗೆ ಸೇರಿಸಿಕೊಂಡಿತು. ಇಟಲಿಯಲ್ಲಿ ಯುವೆಂಟಸ್‌ನ ಮೀಸಲು ತಂಡ 2018ರಲ್ಲಿ ಮೂರನೇ ದರ್ಜೆಗೆ ಬಂತು.

ಆಮೇಲೆ ಏನಾಯಿತು? 2017-18ರಲ್ಲಿ ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ಬಿನ ಮೀಸಲು ತಂಡ ಎರಡನೇ ದರ್ಜೆ ಗೆದ್ದಿತು. ಬಡ್ತಿ ಸಿಕ್ಕಿದ್ದು ಎರಡನೇ ಸ್ಥಾನದ ಫೋರ್ಟುನಾ ಸಿಟ್ಟಾರ್ಡ್‌ಗೆ. 2019-20ರಲ್ಲಿ ಜರ್ಮನಿಯ ಮೂರನೇ ದರ್ಜೆಯಲ್ಲಿ ಬಯರ್ನ್‌ನ ಮೀಸಲು ತಂಡ ಮೊದಲ ಸ್ಥಾನಕ್ಕೆ ಬಂತು. ಮೇಲೆ ಹೋಗುವ ಹಾಗಿಲ್ಲ, ಅಲ್ಲೇ ಉಳಿಯಿತು. ಮರುವರ್ಷವೇ ಕೆಳಗಿನ ದರ್ಜೆಗೂ ಇಳಿಯಿತು!

ಇಳಿಯುವ ಮಾತು ಬಂದದ್ದಕ್ಕೆ ಇನ್ನೊಂದು ಕಥೆ. ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವುದು. 2011-12ರಲ್ಲಿ ಸ್ಪೇನ್‌ನ ವಿಯ್ಯಾರಿಯಲ್ ಮೊದಲ ದರ್ಜೆಯಿಂದ ಎರಡನೇ ದರ್ಜೆಗೆ ಬಿತ್ತು. ಅದರ ಬಿ ತಂಡ ಆಗ ಎರಡನೇ ದರ್ಜೆಯಲ್ಲೇ ಇತ್ತು, ತನ್ನ ಜಾಗ ಉಳಿಸಿಕೊಳ್ಳುವಷ್ಟು ಅಂಕವನ್ನೂ ಗಳಿಸಿತ್ತು. ಆದರೆ ದೊಡ್ಡವರು ಬಂದರು ಅಂತ ಚಿಕ್ಕವರು ಜಾಗ ಬಿಟ್ಟು ಮೂರನೇ ದರ್ಜೆಗೆ ಹೋಗಬೇಕಾಯಿತು. ಆ ಹುಡುಗರು ಮಾಡಿದ ತಪ್ಪೇನು? ವರ್ಷವಿಡೀ ಬೆವರು ಸುರಿಸಿ ಗಳಿಸಿದ ಅಂಕಗಳ ಬೆಲೆ ಬೇರೆ ಮೈದಾನದಲ್ಲಿ, ಬೇರೆಯವರ ಸೋಲಿನಲ್ಲಿ ತೀರ್ಮಾನವಾಯಿತು.

ಈಗ ಎದುರಾಳಿ ಕಡೆಯಿಂದ ನೋಡಿ. ಅವರಿಗೆ ಇಂಥ ತಂಡ ಒಂದು ಒಗಟು. ಈ ವಾರ ಹದಿನೇಳರ ಹುಡುಗರು ಬರುತ್ತಾರೆ. ಮುಂದಿನ ವಾರ ಗಾಯ ವಾಸಿಯಾದ ಹಿರಿಯ ಆಟಗಾರನೊಬ್ಬ ಅಭ್ಯಾಸಕ್ಕೆ ಅಂತ ಇಳಿದು ಬರುತ್ತಾನೆ. ಇದಕ್ಕೆ ನಿಯಮಗಳಿವೆ, ಸರಿ. ಆದರೂ ಯಾರ ಎದುರು ಆಡಿದಿರಿ ಅನ್ನುವುದು ಅದೃಷ್ಟದ ಮಾತಾಗುತ್ತದೆ. ಬಡ್ತಿಗೋ ಉಳಿವಿಗೋ ಒದ್ದಾಡುವ ಚಿಕ್ಕ ಕ್ಲಬ್ಬಿಗೆ ಇದು ಸಣ್ಣ ವಿಷಯವಲ್ಲ.

ಇಂಗ್ಲೆಂಡ್‌ನಲ್ಲಿ ಸಿಟ್ಟು ಇನ್ನೂ ಬಿಸಿ. 2014ರಲ್ಲಿ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಗ್ರೆಗ್ ಡೈಕ್ ನೇತೃತ್ವದ ಆಯೋಗ ನಾಲ್ಕನೇ ದರ್ಜೆಯ ಕೆಳಗೆ ಹೊಸದೊಂದು ಲೀಗ್ ಮಾಡಿ, ಅಲ್ಲಿ ದೊಡ್ಡ ಕ್ಲಬ್ಬುಗಳ ಬಿ ತಂಡಗಳನ್ನು ಆಡಿಸೋಣ ಅಂದಿತು. ಅಭಿಮಾನಿಗಳು ಎದ್ದು ನಿಂತರು, ಯೋಜನೆ ಬಿದ್ದುಹೋಯಿತು. 2016ರಲ್ಲಿ ಕೆಳದರ್ಜೆಯ ಕ್ಲಬ್ಬುಗಳ ಟ್ರೋಫಿಯೊಳಗೆ 21 ವರ್ಷದೊಳಗಿನವರ ತಂಡಗಳನ್ನು ಬಿಟ್ಟುಕೊಂಡಾಗ ಎಷ್ಟೋ ಜನ ಪಂದ್ಯಕ್ಕೇ ಹೋಗಲಿಲ್ಲ. ಹಠ ಅನ್ನಬಹುದು. ಆದರೆ ಬೆರಿ ಎಂಬ ಊರಿನ ಕ್ಲಬ್ಬನ್ನು ನೆನೆಸಿಕೊಳ್ಳಿ. 1885ರಲ್ಲಿ ಹುಟ್ಟಿದ್ದು. ದುಡ್ಡಿನ ತೊಂದರೆಯಿಂದ 2019ರಲ್ಲಿ ಲೀಗ್‌ನಿಂದ ಹೊರಬಿತ್ತು. ಅಂಥ ಊರಿನವರಿಗೆ ಆ ಜಾಗ ಅಜ್ಜನ ಕಾಲದ ಆಸ್ತಿ. ಅಲ್ಲಿ ಶ್ರೀಮಂತರ ಎರಡನೇ ತಂಡ ಬಂದು ಕೂತರೆ ಉರಿಯದೆ ಇರುತ್ತದಾ?

ಹಾಗಾದರೆ ಹುಡುಗರು ಎಲ್ಲಿ ಆಡಬೇಕು? ಹಳೆಯ ದಾರಿ ಇದೆಯಲ್ಲ, ಲೋನ್: ಹುಡುಗನನ್ನು ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಎರವಲು ಕೊಡುವುದು. 1995ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಒಬ್ಬ ಹುಡುಗನನ್ನು ನಾಲ್ಕನೇ ದರ್ಜೆಯ ಪ್ರೆಸ್ಟನ್‌ಗೆ ಕಳಿಸಿತು. ಆಡಿದ್ದು ಐದೇ ಪಂದ್ಯ. ಮೊದಲ ಪಂದ್ಯದಲ್ಲೇ ಕಾರ್ನರ್ ಕಿಕ್ ನೇರ ಗೋಲಿಗೆ ಹೋಯಿತು. ಹೆಸರು ಡೇವಿಡ್ ಬೆಕಮ್. ಪ್ರೆಸ್ಟನ್‌ಗೆ ಗೋಲು ಸಿಕ್ಕಿತು, ಹುಡುಗನಿಗೆ ಪೆಟ್ಟು ತಿನ್ನುವ ಅನುಭವ ಸಿಕ್ಕಿತು, ಯಾರ ಜಾಗವೂ ಹೋಗಲಿಲ್ಲ.

ಲೋನ್‌ನಲ್ಲೂ ಕೊರತೆ ಇದೆ, ಒಪ್ಪುತ್ತೇನೆ. ಗಾರ್ಡಿಯೋಲಾ ಹುಡುಗರಿಗೆ ಒಟ್ಟಿಗೆ ಒಂದೇ ಆಟ ಕಲಿಸಿದರು. ಲೋನ್ ಮೇಲೆ ಹೋದವನು ಅಲ್ಲಿನ ಕೋಚ್ ಹೇಳಿದಂತೆ ಆಡಬೇಕು, ಕೆಲವೊಮ್ಮೆ ಬೆಂಚ್ ಮೇಲೇ ವರ್ಷ ಕಳೆಯುತ್ತದೆ. ಸ್ಕಾಟ್ಲೆಂಡ್‌ನವರು 2021ರಲ್ಲಿ ನಡುದಾರಿಯೊಂದನ್ನು ಹಿಡಿದರು. ರೇಂಜರ್ಸ್, ಸೆಲ್ಟಿಕ್‌ಗಳ ಬಿ ತಂಡಗಳನ್ನು ಐದನೇ ದರ್ಜೆಗೆ ಸೇರಿಸಿಕೊಂಡರು. ಬಡ್ತಿ ಇಲ್ಲ, ಜೊತೆಗೆ ಸೇರಲು ಶುಲ್ಕವನ್ನೂ ಕಟ್ಟಿಸಿಕೊಂಡರು. ಬರಲೇಬೇಕು ಅಂತಿದ್ದರೆ ಹೀಗೆ ಬರಲಿ: ಅತಿಥಿಗಳ ಹಾಗೆ, ತಳದಿಂದ, ಬಾಡಿಗೆ ಕೊಟ್ಟು. ಇನ್ನೊಂದು ಷರತ್ತು ನನ್ನದು. ಅವರ ಪಂದ್ಯಗಳ ಅಂಕ ಉಳಿದವರ ಬಡ್ತಿಯ ಲೆಕ್ಕಕ್ಕೆ ಬರಬಾರದು.

ನನ್ನ ಮಾತು ಇಷ್ಟು. ಹಿಂದಿನ ಸಾಲಿನಲ್ಲಿ ಬಾರ್ಸಿಲೋನಾ ಜರ್ಸಿ ಹಾಕಿಕೊಂಡವರು ಆಗಿನಿಂದ ಕೈ ಎತ್ತುತ್ತಿದ್ದಾರೆ. ಮೊದಲ ಪ್ರಶ್ನೆ ಅವರದ್ದೇ ಆಗಲಿ.