ಚಿಗುರಿದ ಕಡ್ಡಿಯನ್ನು ನಂಬಬೇಡಿ

ಪರದೆಯ ಮೇಲೆ ಎರಡು ದಾಸವಾಳದ ಕಡ್ಡಿಗಳಿವೆ. ಎಡಗಡೆಯದು ಮೇಲಿನಿಂದ ಕೆಳಗಿನವರೆಗೆ ಚಿಗುರಿಕೊಂಡು ಕಣ್ಣಿಗೆ ತಂಪಾಗಿ ನಿಂತಿದೆ. ಬಲಗಡೆಯದಕ್ಕೆ ಹಳೆಯ ಅರ್ಧ ಎಲೆಯೊಂದನ್ನು ಬಿಟ್ಟರೆ ಏನೂ ಇಲ್ಲ. ಎರಡನ್ನೂ ಒಂದೇ ದಿನ, ಒಂದೇ ಗಿಡದಿಂದ ತಂದು ನೆಟ್ಟದ್ದು. ಈಗ ಎಡಗಡೆಯದನ್ನು ಮೆಲ್ಲಗೆ ಎತ್ತುತ್ತೇನೆ. ಬುಡವನ್ನು ನೋಡಿ, ಕತ್ತರಿಸಿದ ದಿನ ಹೇಗಿತ್ತೋ ಹಾಗೇ ಇದೆ. ಹೆಸರಿಗೆ ಒಂದು ಬಿಳಿ ಎಳೆಯೂ ಇಲ್ಲ. ಇನ್ನು ಬಲಗಡೆಯದು. ಗೆಣ್ಣಿನ ಸುತ್ತ ಬೇರುಗಳು ಎರಡು ಅಂಗುಲ ಇಳಿದಿವೆ.

ಇದರಲ್ಲಿ ಮಾಯವೂ ಇಲ್ಲ, ಕೈಗುಣವೂ ಇಲ್ಲ. ಕಡ್ಡಿಯೊಳಗೆ ತಾಯಿಗಿಡ ಕೂಡಿಟ್ಟ ಪಿಷ್ಟವಿರುತ್ತದೆ, ಒಂದಿಷ್ಟು ನೀರೂ ಇರುತ್ತದೆ. ಆ ಬಂಡವಾಳದಲ್ಲೇ ಮೊಗ್ಗು ಒಡೆದು ಎಲೆ ಬಿಡುತ್ತದೆ. ಎಲೆ ಬಂದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಅದನ್ನು ತುಂಬಿಕೊಡಲು ಕೆಳಗೆ ಬೇರಿಲ್ಲ. ‘ಚೆನ್ನಾಗಿ ಚಿಗುರಿತ್ತು, ಇದ್ದಕ್ಕಿದ್ದಂತೆ ಒಣಗಿತು’ ಎಂದು ನೀವು ನನಗೆ ಬರೆಯುವ ದೂರುಗಳಲ್ಲಿ ಹೆಚ್ಚಿನವು ಇದೇ ಕತೆ. ದೃಷ್ಟಿ ತಾಗಿತು ಎನ್ನುವವರೂ ಇದ್ದಾರೆ. ದೃಷ್ಟಿಗೆ ಅಷ್ಟು ಪುರುಸೊತ್ತಿಲ್ಲ. ಗಂಟು ಕರಗಿತು, ಅಷ್ಟೇ. ಆದ್ದರಿಂದ ಇವತ್ತು ನಾನು ತೋರಿಸುವ ಕೆಲಸಗಳೆಲ್ಲವೂ ಒಂದೇ ಉದ್ದೇಶದವು: ಬೇರು ಬರುವವರೆಗೆ ಕಡ್ಡಿ ಒಣಗಬಾರದು, ಕೊಳೆಯಲೂಬಾರದು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಮನೆ. ಇಲ್ಲಿ ಗೆಲ್ಲು ನೆಡುವುದು ಎಂದರೆ ಮಳೆಗಾಲ ಎಂದೇ ಲೆಕ್ಕ. ಜೂನ್ ಕೊನೆಗೆ ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ಊರಿನ ಹೆಂಗಸರ ಕೈಯಲ್ಲಿ ಯಾವುದಾದರೂ ಗಿಡದ ತುಂಡು ಇದ್ದೇ ಇರುತ್ತದೆ. ಮದುವೆ ಮನೆಯಿಂದ ಹೊರಡುವಾಗಲೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿ ಚೀಲದೊಳಗೆ ಸೇರಿರುತ್ತದೆ. ಕದ್ದು ತಂದ ಗೆಲ್ಲು ಬೇಗ ಜೀವ ಹಿಡಿಯುತ್ತದೆ ಎಂಬ ನಂಬಿಕೆಯೂ ಉಂಟು. ಅದಕ್ಕೆ ನನ್ನದೊಂದು ವಿವರಣೆಯಿದೆ: ಕದ್ದವರು ಅದನ್ನು ಮನೆಗೆ ತಂದ ಕೂಡಲೇ ಮಣ್ಣಿಗೆ ಊರಿ ಅಡಗಿಸುತ್ತಾರೆ. ಕೇಳಿ ತಂದವರು ಕಾಫಿ ಕುಡಿದು, ಊಟ ಮುಗಿಸಿ, ನಾಳೆ ನೆಟ್ಟರಾಯಿತು ಎಂದು ಜಗಲಿಯ ಮೂಲೆಯಲ್ಲಿ ಒಣಗಲು ಬಿಡುತ್ತಾರೆ.

ಈಗ ಕ್ಯಾಮೆರಾವನ್ನು ಪಕ್ಕದ ಮನೆಯ ಅಂಗಳಕ್ಕೆ ಒಯ್ಯುತ್ತೇನೆ. ಅಲ್ಲಿ ಗಿಡ ಸವರುತ್ತಿರುವವರು ನಮ್ಮ ಅಕ್ಕ, ಸಂಬಂಧದಲ್ಲಿ ಅಲ್ಲ, ವಯಸ್ಸಿನಲ್ಲಿ. ನಾನು ತುದಿಯ ನುಣುಪಾದ ರೆಂಬೆಗೆ ಕೈ ಹಾಕಿದ್ದೇ ತಡ, ‘ಅದನ್ನು ಮುರಿಯಬೇಡ ಮಾರಾಯ್ತಿ, ಅದಕ್ಕೆ ಇನ್ನೂ ಎಲುಬು ಬಂದಿಲ್ಲ’ ಎಂದರು. ದಾಸವಾಳಕ್ಕೆ ಅವರ ಮಾತು ಸರಿ. ತೀರಾ ಎಳೆಯದು ಬಾಡಿ ಕೊಳೆಯುತ್ತದೆ, ಬೂದುಬಣ್ಣಕ್ಕೆ ತಿರುಗಿದ ಮುದಿ ರೆಂಬೆ ಬೇರು ಬಿಡಲು ಸೋಮಾರಿತನ ಮಾಡುತ್ತದೆ. ನಡುವಿನದು ಬೇಕು: ಪೆನ್ಸಿಲ್ ದಪ್ಪ, ಸಿಪ್ಪೆ ಹಸಿರಿನಿಂದ ಕಂದಿಗೆ ಹೊರಳುತ್ತಿರುವುದು, ಬಗ್ಗಿಸಿದರೆ ತುಸು ಬಾಗಿ ಆಮೇಲೆ ಮುರಿಯುವುದು. ಆದರೆ ಎಲ್ಲ ಗಿಡಕ್ಕೂ ಇದೇ ನಿಯಮವಲ್ಲ. ದೊಡ್ಡಪತ್ರೆ, ತುಳಸಿ, ಸೇವಂತಿಗೆ, ಡೇರೆಗಳಿಗೆ ಎಳೆಯ ತುದಿಯೇ ಆಗಬೇಕು. ಕಾಗದದ ಹೂವಿಗೂ ಅಂಜೂರಕ್ಕೂ ಬಲಿತದ್ದು. ನುಗ್ಗೆಗಂತೂ ತೋಳಿನ ಗಾತ್ರದ ಕೊಂಬೆಯನ್ನೇ ನೆಡುತ್ತಾರೆ.

ಕತ್ತರಿಸುವುದು ಬೆಳಿಗ್ಗೆಯೇ ಒಳ್ಳೆಯದು, ಆಗ ರೆಂಬೆಯಲ್ಲಿ ನೀರು ತುಂಬಿರುತ್ತದೆ. ಐದಾರು ಅಂಗುಲ ಉದ್ದ, ಮೂರು ನಾಲ್ಕು ಗೆಣ್ಣು ಇರಲಿ. ಕೆಳಗಿನ ಕಡೆ ಗೆಣ್ಣಿಗೆ ತಾಗಿದ ಹಾಗೆ ಓರೆಯಾಗಿ, ಮೇಲಿನ ಕಡೆ ಗೆಣ್ಣಿನಿಂದ ತುಸು ಮೇಲೆ ನೇರವಾಗಿ ಕತ್ತರಿಸಿ. ಓರೆ ಎಂದರೆ ಬುಡ, ನೇರ ಎಂದರೆ ತಲೆ. ಹತ್ತು ಕಡ್ಡಿ ಒಟ್ಟಿಗೆ ಇದ್ದಾಗ ಈ ಗುರುತು ಬೇಕೇ ಬೇಕು, ಏಕೆಂದರೆ ತಲೆಕೆಳಗಾಗಿ ನೆಟ್ಟ ಕಡ್ಡಿ ಸುಲಭಕ್ಕೆ ಬದುಕುವುದಿಲ್ಲ.

ಅದೇಕೆ ಎಂಬುದು ನನಗೆ ಇಡೀ ವಿಷಯದಲ್ಲೇ ಹೆಚ್ಚು ಇಷ್ಟವಾದ ಭಾಗ. ಗಿಡದ ತುದಿಯಲ್ಲೂ ಎಳೆಯ ಎಲೆಗಳಲ್ಲೂ ಆಕ್ಸಿನ್ ಎಂಬ ಚೋದಕ ತಯಾರಾಗಿ ಕೆಳಮುಖವಾಗಿ ಹರಿಯುತ್ತದೆ. ಕಡ್ಡಿ ಕತ್ತರಿಸಿದ ಮೇಲೆ ಅದರ ದಾರಿ ಬುಡದಲ್ಲೇ ಮುಗಿಯುತ್ತದೆ, ಅಲ್ಲೇ ಶೇಖರವಾಗುತ್ತದೆ. ಬುಡದ ಕೆಲವು ಕೋಶಗಳು ತಮ್ಮ ಹಳೆಯ ಕೆಲಸ ಬಿಟ್ಟು ಬೇರಾಗಲು ಹೊರಡುವುದು ಆ ಸೂಚನೆಯಿಂದ. ಕಡ್ಡಿಯನ್ನು ತಿರುಗಿಸಿ ನೆಟ್ಟರೂ ಕೋಶಗಳಿಗೆ ತಮ್ಮ ತಲೆ ಬುಡ ಮರೆಯುವುದಿಲ್ಲ. ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿಯಿಂದ ಈ ವಸ್ತುವನ್ನು ಹಿಡಿದು, 1928ರಲ್ಲಿ ಅದರ ವಿವರ ಪ್ರಕಟಿಸಿದರು. 1930ರ ದಶಕದಲ್ಲೇ ಅದಕ್ಕೆ ಬೇರು ಬರಿಸುವ ಗುಣವಿದೆ ಎಂದು ತಿಳಿದು, ಅದೇ ಬಗೆಯ ಇಂಡೋಲ್ ಬ್ಯುಟೈರಿಕ್ ಆಮ್ಲ ನರ್ಸರಿಗಳಿಗೆ ಬಂತು. ಗೊಬ್ಬರದ ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಇವತ್ತಿಗೂ ಸಾಮಾನ್ಯವಾಗಿ ಇರುವುದು ಅದೇ.

ಎಲೆಯನ್ನೆಲ್ಲ ಬೋಳಿಸಬೇಡಿ ಎಂದು ನಾನು ಹೇಳುವುದೂ ಇದಕ್ಕಾಗಿಯೇ. ಎಲೆ ಪೂರ್ತಿ ಇದ್ದರೆ ನೀರು ಹೋಗುತ್ತದೆ, ಇಲ್ಲವೇ ಇಲ್ಲದಿದ್ದರೆ ಬುಡಕ್ಕೆ ಆಹಾರವೂ ಚೋದಕವೂ ಕಡಿಮೆ. ಎರಡು ಎಲೆ ಉಳಿಸಿ, ಅವು ದೊಡ್ಡವಾದರೆ ಅರ್ಧಕ್ಕೆ ಕತ್ತರಿಸಿ. ಹೂವು, ಮೊಗ್ಗು ಇದ್ದರೆ ಕನಿಕರವಿಲ್ಲದೆ ಚಿವುಟಿ. ಪುಡಿ ಹಚ್ಚುವುದಾದರೆ ಡಬ್ಬಿಯೊಳಗೆ ಕಡ್ಡಿ ಅದ್ದಬೇಡಿ, ಒದ್ದೆ ತಾಗಿ ಇಡೀ ಡಬ್ಬಿ ಹಾಳಾಗುತ್ತದೆ. ಮುಚ್ಚಳಕ್ಕೆ ಚಿಟಿಕೆ ಸುರಿದು, ಬುಡಕ್ಕೆ ತಾಗಿಸಿ, ಹೆಚ್ಚಾದದ್ದನ್ನು ಕೊಡವಿ. ಹೆಚ್ಚು ಹಚ್ಚಿದರೆ ಹೆಚ್ಚು ಬೇರು ಎಂಬುದು ಸುಳ್ಳು, ಅತಿಯಾದರೆ ಬುಡ ಕಪ್ಪಾಗುತ್ತದೆ. ದೊಡ್ಡಪತ್ರೆಗೆ ಪುಡಿಯ ಹಂಗೇ ಬೇಡ, ಅದು ಬಿಸಾಡಿದಲ್ಲೂ ಬೇರು ಬಿಡುತ್ತದೆ.

ಮನೆಮದ್ದುಗಳ ಬಗ್ಗೆ ಕೇಳುತ್ತಲೇ ಇರುತ್ತೀರಿ. ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ನೆಡುವ ವಿಡಿಯೋ ನೋಡಿದ್ದೇನೆ. ಆಲೂಗಡ್ಡೆ ಮಣ್ಣಿನೊಳಗೆ ಕೊಳೆಯುತ್ತದೆ, ಪಕ್ಕದಲ್ಲಿರುವ ಕಡ್ಡಿಯ ಬುಡವನ್ನೂ ಕೊಳೆಸುತ್ತದೆ; ಅದೃಷ್ಟವಿದ್ದರೆ ಆಲೂಗಡ್ಡೆ ಗಿಡವೇ ಬರಬಹುದು. ಬಾಳೆಹಣ್ಣಿನದೂ ಇದೇ ಪಾಡು, ಜೊತೆಗೆ ಇರುವೆ. ಜೇನುತುಪ್ಪ, ಚಕ್ಕೆಪುಡಿಗಳಿಗೆ ಬೂಷ್ಟನ್ನು ಸ್ವಲ್ಪ ತಡೆಯುವ ಶಕ್ತಿಯಿದೆ, ಬೇರು ಬರಿಸುವ ಚೋದಕವೆಂದು ಅವನ್ನು ನಂಬಬೇಡಿ. ಎಳನೀರಿನದು ಸ್ವಾರಸ್ಯದ ವಿಷಯ. 1941ರಲ್ಲಿ ಸಸ್ಯವಿಜ್ಞಾನಿ ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ದತ್ತೂರಿಯ ಎಳೆಯ ಭ್ರೂಣಗಳನ್ನು ತೆಂಗಿನ ನೀರು ಬಳಸಿ ಬೆಳೆಸಿದ್ದರು, ಅಂದರೆ ಅದರಲ್ಲಿ ಬೆಳವಣಿಗೆಯ ಸತ್ವವಿರುವುದು ನಿಜ. ಆದರೆ ಅದರಲ್ಲಿರುವ ಸೈಟೊಕೈನಿನ್ ಎಂಬ ಚೋದಕ ಒಲಿಯುವುದು ಚಿಗುರಿಗೆ. ನಮಗೆ ಮೊದಲು ಬೇಕಾದದ್ದು ಬೇರು. ಸಾಲದ್ದಕ್ಕೆ ಸಕ್ಕರೆ ಬೇರೆ ಇದೆ, ಬೂಷ್ಟಿಗೆ ಹಬ್ಬ. ಎಳನೀರನ್ನು ನೀವೇ ಕುಡಿಯಿರಿ.

ಮಣ್ಣಿನ ವಿಷಯಕ್ಕೆ ಬರೋಣ. ಗೊಬ್ಬರ ಹಾಕಬೇಡಿ. ಬೇರೇ ಇಲ್ಲದ ಕಡ್ಡಿಗೆ ಗೊಬ್ಬರದಿಂದ ಉಪಯೋಗವಿಲ್ಲ, ಹಸಿ ಸಗಣಿಯಾದರೆ ಬುಡ ಸುಟ್ಟಂತೆಯೇ. ಹೊಸ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಹೊಳೆಯ ದಪ್ಪ ಮರಳು ಇದಕ್ಕೆ ಎತ್ತಿದ ಕೈ, ಆದರೆ ಈಗ ಅದು ಸುಲಭಕ್ಕೆ ಸಿಗುವುದಿಲ್ಲ. ಎಂ ಸ್ಯಾಂಡ್ ಬಳಸುವುದಾದರೆ ನುಣ್ಣನೆಯ ಪುಡಿ ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನಾನು ತೆಂಗಿನ ನಾರಿನ ಪುಡಿಗೆ ಸುಟ್ಟ ಭತ್ತದ ಹೊಟ್ಟನ್ನು ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಿದ್ದರೆ ಸಾಕು, ಧಾರೆ ಇಳಿಯಬಾರದು. ಮೊದಲು ಒಂದು ಕೋಲಿನಿಂದ ಕುಳಿ ಮಾಡಿ, ಎರಡು ಗೆಣ್ಣು ಒಳಗೆ ಹೋಗುವಂತೆ ಕಡ್ಡಿ ಇಳಿಸಿ, ಸುತ್ತ ಬೆರಳಿನಿಂದ ಒತ್ತಿ.

ಇಲ್ಲಿಂದ ಮುಂದೆ ಊರಿಗೊಂದು ರೀತಿ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಗಾಳಿಯೇ ಒದ್ದೆ, ಸೂರಿನ ನೀರು ನೇರವಾಗಿ ಬೀಳದ ಕಡೆ ಕಡ್ಡಿ ನೆಟ್ಟ ಪ್ಲಾಸ್ಟಿಕ್ ಕೊಟ್ಟೆಗಳನ್ನು ಸಾಲಾಗಿ ಇಟ್ಟರೆ ಮುಗಿಯಿತು. ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಬೇಸಿಗೆಯಲ್ಲಿ ನೆಡುವವರು ಕುಂಡದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೋ ಕತ್ತರಿಸಿದ ನೀರಿನ ಬಾಟಲಿಯನ್ನೋ ಕವಿಚಿ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಬೇಕು. ಹೀಗೆ ಮುಚ್ಚಿದ್ದನ್ನು ಬಿಸಿಲಿಗೆ ಇಟ್ಟರೆ ಮಾತ್ರ ಒಳಗಿನದು ಬೆಂದೇ ಹೋಗುತ್ತದೆ. ಬೆಳಕಿರುವ ನೆರಳು ಸಾಕು.

ನೀರಿನ ಲೋಟದಲ್ಲಿ ಇಡಬಹುದೇ? ಮನಿಪ್ಲಾಂಟ್, ತುಳಸಿ, ಕೋಲಿಯಸ್‌ಗಳನ್ನು ಧಾರಾಳವಾಗಿ ಇಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ, ಬೇರು ಅಂಗುಲದಷ್ಟಾದಾಗ ಮಣ್ಣಿಗೆ ತನ್ನಿ. ಚೆಂದವಾಗಿದೆ ಎಂದು ಗೇಣುದ್ದ ಬೆಳೆಸಿದರೆ ಆ ನೀರಿನ ಬೇರು ಮಣ್ಣಿಗೆ ಒಗ್ಗಲು ಒದ್ದಾಡುತ್ತದೆ. ದೇವಕಣಗಿಲೆಯದು ಇದಕ್ಕೆ ಪೂರ್ತಿ ವಿರುದ್ಧ. ಹಾಲು ಸೋರುವ ಅದರ ಕೊಂಬೆಯನ್ನು ಒಂದು ವಾರ ನೆರಳಿನಲ್ಲಿ ಒಣಗಿಸಿ, ಗಾಯ ಮಾಗಿದ ಮೇಲೆಯೇ ನೆಡಬೇಕು.

ಬೇರು ಬಂದಿದೆಯೋ ಇಲ್ಲವೋ ಎಂದು ದಿನವೂ ಎತ್ತಿ ನೋಡುವವರಿಗೆ ಒಂದು ಉಪಾಯ. ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿ ಅದರಲ್ಲೇ ನೆಡಿ, ಸುತ್ತಲೂ ಕಪ್ಪು ಕಾಗದ ಸುತ್ತಿ. ಕುತೂಹಲ ತಡೆಯದಾದಾಗ ಕಾಗದ ಸರಿಸಿದರೆ ಸಾಕು. ದಾಸವಾಳ ನಾಲ್ಕರಿಂದ ಆರು ವಾರ ಕೇಳುತ್ತದೆ, ಕಾಗದದ ಹೂವು ಇನ್ನೂ ತಡ. ನಡುವೆ ಬುಡದಲ್ಲಿ ಬಿಳಿಯ ಗಂಟು ಕಂಡರೆ ಹಿಗ್ಗಬೇಡಿ, ಅದು ಗಾಯ ಮುಚ್ಚಿದ ಅಂಗಾಂಶ. ಅಲ್ಲಿಂದ ಬೇರಿಗೆ ಇನ್ನೂ ದೂರವಿರಬಹುದು, ಹಾಗೇ ಬಿಡಿ. ಲೋಟದ ಗೋಡೆಗೆ ಬೇರು ತಾಗಿ ಕವಲೊಡೆದ ಮೇಲೆ ಕುಂಡಕ್ಕೆ ಸಾಗಿಸಿ, ಹೊಸ ಎಲೆ ಬಲಿಯುವವರೆಗೆ ನೆರಳಿನಿಂದ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಸರಿಸಿ.

ಗುಲಾಬಿಯ ಬಗ್ಗೆ ಒಂದೇ ಮಾತು. ಪನ್ನೀರು ಗುಲಾಬಿಯಂತಹ ನಾಟಿ ತಳಿಗಳನ್ನು ಧೈರ್ಯವಾಗಿ ಕಡ್ಡಿಯಿಂದ ಬೆಳೆಸಿ. ನರ್ಸರಿಯ ದೊಡ್ಡ ಹೂವಿನ ಹೈಬ್ರಿಡ್‌ಗಳನ್ನು ಸಾಮಾನ್ಯವಾಗಿ ಬೇರೆ ಗಟ್ಟಿ ಗುಲಾಬಿಯ ಬುಡಕ್ಕೆ ಕಣ್ಣು ಕಸಿ ಮಾಡಿರುತ್ತಾರೆ. ಅವುಗಳ ಕಡ್ಡಿ ಬೇರು ಬಿಟ್ಟರೂ ಆ ಬುಡದ ಬಲ ಸಿಗುವುದಿಲ್ಲ.

ಇನ್ನು ಕರಿಬೇವು. ಹಳೆಯ ವಿಡಿಯೋಗಳ ಕೆಳಗೆಲ್ಲ ಇದೇ ಪ್ರಶ್ನೆ. ಮಾರುಕಟ್ಟೆಯಿಂದ ತಂದ ಸೊಪ್ಪಿನ ಕಡ್ಡಿಯನ್ನು ಊರಿ ಕಾಯುತ್ತಾ ಕೂರಬೇಡಿ. ದೊಡ್ಡ ಗಿಡದ ಸುತ್ತ ಬೇರಿನಿಂದಲೇ ಮರಿಗಳು ಎದ್ದಿರುತ್ತವೆ. ಮಳೆ ಬಿದ್ದು ನೆಲ ಮೆತ್ತಗಾದಾಗ, ಗಿಡದವರನ್ನು ಕೇಳಿ, ಬೇರಿನ ತುಂಡು ಸಮೇತ ಒಂದು ಮರಿಯನ್ನು ಅಗೆದು ತನ್ನಿ. ಕೊಡುವುದಿಲ್ಲ ಎಂದರೆ ಕಪ್ಪಾದ ಹಣ್ಣುಗಳನ್ನಾದರೂ ಕೇಳಿ. ತಿರುಳು ತೆಗೆದು ಆ ವಾರವೇ ಬಿತ್ತಿ, ಒಣಗಿಸಿಟ್ಟ ಬೀಜ ಹುಟ್ಟುವುದಿಲ್ಲ.