ಹಾಲಿನ ಸಕ್ಕರೆ ಒಡೆಯುವ ಕಿಣ್ವ

ಕೊಡಗಿನ ಕೇಳುಗರಿಗೆಲ್ಲ ನಮಸ್ಕಾರ. ಈಗ ಕಾಫಿ ಕುಡಿಯುತ್ತಾ ಕೂತಿದ್ದರೆ, ಅದಕ್ಕೆ ಹಾಕಿದ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೂ ಅದು ಆಹಾರವೇ. ಬೀಟಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವದಿಂದ ಅದು ಲ್ಯಾಕ್ಟೋಸನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಈ ಕಿಣ್ವವನ್ನು ಅದು ಸುಮ್ನೆ ತಯಾರಿಸಿ ಇಟ್ಟುಕೊಳ್ಳುವುದಿಲ್ಲ. ಲ್ಯಾಕ್ಟೋಸ್ ಸಿಕ್ಕಿ, ಗ್ಲೂಕೋಸ್ ಇಲ್ಲದಿದ್ದಾಗಲೇ ಜಾಸ್ತಿ ಮಾಡುವುದು. ಇದರ ಹಿಂದಿನ ಜೀನ್ ನಿಯಂತ್ರಣವನ್ನು ಪ್ಯಾರಿಸ್ಸಿನಲ್ಲಿ ಬಿಡಿಸಿಟ್ಟ ಫ್ರಾನ್ಸ್ವಾ ಜಾಕೋಬ್, ಜಾಕ್ ಮೊನೊ ಅವರಿಗೆ 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ನೊಬೆಲ್ ಬಂತು.

ಲ್ಯಾಬಿನವರಿಗೆ ಇದು ಇಷ್ಟವಾಗಲು ಕಾರಣ ಬೇರೆ. ಗ್ಯಾಲಕ್ಟೋಸಿಗೆ ಅಂಟಿಕೊಂಡಿರುವುದು ಗ್ಲೂಕೋಸೇ ಆಗಬೇಕು ಅಂತ ಈ ಕಿಣ್ವ ಹಟ ಹಿಡಿಯುವುದಿಲ್ಲ. ಬಣ್ಣ ಕೊಡುವ ವಸ್ತುವನ್ನು ಅಂಟಿಸಿಟ್ಟರೂ ಕತ್ತರಿಸುತ್ತದೆ! ಎಕ್ಸ್-ಗ್ಯಾಲ್ ಅಂಥದ್ದು. ಕತ್ತರಿಸಿದ ಮೇಲೆ ಬಿಡುಗಡೆಯಾದ ತುಂಡುಗಳು ಗಾಳಿಯ ಆಮ್ಲಜನಕ ತಾಗಿ ಜೋಡಿಯಾಗುತ್ತವೆ, ಗಾಢ ನೀಲಿ ಬರುತ್ತದೆ. ಜೀನ್ಸ್ ಪ್ಯಾಂಟಿನ ಇಂಡಿಗೋ ಇದೇ ಕುಟುಂಬದ್ದು.

ಜೀನ್ ಜೋಡಿಸುವ ಕೆಲಸದಲ್ಲಿ ಈ ನೀಲಿ ಬಹಳ ನೆರವಾಗುತ್ತದೆ. ಕಿಣ್ವದ ಒಂದು ಚಿಕ್ಕ ಭಾಗದ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದಲ್ಲಿ ಇಟ್ಟಿರುತ್ತಾರೆ, ಉಳಿದ ಭಾಗ ಬ್ಯಾಕ್ಟೀರಿಯಾದ ಬಳಿಯೇ ಇರುತ್ತದೆ. ಎರಡೂ ಸೇರಿದರೆ ಕಿಣ್ವ ಕೆಲಸ ಮಾಡುತ್ತದೆ. ನಮಗೆ ಬೇಕಾದ ಡಿಎನ್ಎಯನ್ನು ಆ ಚಿಕ್ಕ ಭಾಗದ ನಡುವೆ ತೂರಿಸಿದರೆ ಅದು ಕೆಡುತ್ತದೆ, ನೀಲಿ ಬರುವುದಿಲ್ಲ. ಎಕ್ಸ್-ಗ್ಯಾಲ್ ಹಾಕಿ ಈ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯನ್ನು ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟು, ಬೆಳಿಗ್ಗೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ನೀಲಿ ಇನ್ನೂ ಗಾಢವಾಗುತ್ತದೆ. ಆಗ ಸಾಸಿವೆ ಕಾಳಿನಷ್ಟು ದೊಡ್ಡ ಬ್ಯಾಕ್ಟೀರಿಯಾ ಚುಕ್ಕೆಗಳಲ್ಲಿ ನೀಲಿಯವನ್ನು ಬಿಟ್ಟು ಬಿಳಿಯವನ್ನು ಆರಿಸಿಕೊಳ್ಳುತ್ತಾರೆ. ನೂರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕಷ್ಟ ಹೀಗೆ ತಪ್ಪುತ್ತದೆ. ಆದರೂ ಬಿಳಿ ಇದ್ದ ಮಾತ್ರಕ್ಕೆ ನಂಬುವಂತಿಲ್ಲ. ಒಳಗೆ ಸೇರಿದ್ದು ಸರಿಯಾದ ತುಂಡೇ ಎಂದು ನೋಡಲೇಬೇಕು.

ಇನ್ನು ನೀರಿನ ವಿಷಯ. ಇಳಿಜಾರಿನ ಮೇಲೆ ತೋಟದ ಕೆಲಸಗಾರರ ಲೈನ್ ಮನೆಯ ಪಾಯಿಖಾನೆ ಗುಂಡಿ, ಕೆಳಗೆ ಬಾವಿ, ನಡುವೆ ಜುಲೈ ಮಳೆ. ಇಂಥ ಕಡೆ ನೀರು ಎಷ್ಟೇ ತಿಳಿಯಾಗಿ ಕಂಡರೂ ನಂಬಬಾರದು, ಅಲ್ವಾ? ಒಂದು ಬಗೆಯ ಪರೀಕ್ಷೆಯಲ್ಲಿ 100 ಮಿಲಿ ಲೀಟರ್ ನೀರಿಗೆ, ಈ ಕಿಣ್ವ ಕತ್ತರಿಸಿದರೆ ಹಳದಿ ಬಣ್ಣ ಕೊಡುವ ಪುಡಿ ಬೆರೆಸಿ, 35 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಹಳದಿಯಾದರೆ ಇದೇ ಕಿಣ್ವ ಇರುವ, ಇ. ಕೋಲಿಯೂ ಸೇರಿದ ಕೋಲಿಫಾರ್ಮ್ ಗುಂಪಿನ ಬ್ಯಾಕ್ಟೀರಿಯಾ ಇವೆ ಎಂದರ್ಥ. ಅವು ಮಣ್ಣಿನಿಂದಲೂ ಬಂದಿರಬಹುದು, ಹಾಗಾಗಿ ಬಾಟಲಿಯನ್ನು ಅತಿನೇರಳೆ ಬೆಳಕಿನಲ್ಲಿ ಹಿಡಿದು ನೋಡುತ್ತಾರೆ. ನೀಲಿಯಾಗಿ ಹೊಳೆದರೆ ಇ. ಕೋಲಿ ಇದೆ, ಅಂದರೆ ನೀರಿಗೆ ಮಲ ಸೇರಿದೆ. ಆ ಹೊಳಪು ಬರುವುದು ಇ. ಕೋಲಿಯ ಇನ್ನೊಂದು ಕಿಣ್ವದಿಂದ. ನಿಮ್ಮ ಬಾವಿ ನೀರನ್ನು ಪರೀಕ್ಷೆಗೆ ಕೊಡುವುದಾದರೆ ಲ್ಯಾಬಿನವರಿಂದಲೇ ಶುದ್ಧ ಬಾಟಲಿ ತನ್ನಿ, ಒಳಗೆ ಬೆರಳು ತಾಗಿಸಬೇಡಿ, ನೀರು ಹಿಡಿದು ತಂಪಾಗಿಟ್ಟು ಅದೇ ದಿನ ತಲುಪಿಸಿ. ನಮಸ್ಕಾರ.